ಕಾರ್ಬನ್‌ಗೂ ಬಂತು ಬೆಲೆ: ಹೊಗೆಯ ಲೆಕ್ಕ ಹಿಡಿಯಲು ಸರ್ಕಾರ ಸಜ್ಜಾಗಿದೆಯೇ?

ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಕಾರ್ಖಾನೆಗಳು ಇನ್ನು ಮುಂದೆ ಎಷ್ಟು ಸರಕು ತಯಾರಿಸಿದೆವು ಎಂದು ಲೆಕ್ಕ ಕೊಟ್ಟರೆ ಸಾಲದು. ಒಂದು ಟನ್ ಸರಕಿಗೆ ಎಷ್ಟು ಹಸಿರುಮನೆ ಅನಿಲ ಹೊರಬಿಟ್ಟೆವು ಎಂಬ ಲೆಕ್ಕವನ್ನೂ ಕೊಡಬೇಕು. ಗುರಿಗಿಂತ ಕಡಿಮೆ ಬಿಟ್ಟವರಿಗೆ ಮಾರಬಹುದಾದ ಪ್ರಮಾಣಪತ್ರ ಸಿಗುತ್ತದೆ, ಹೆಚ್ಚು ಬಿಟ್ಟವರು ಅದನ್ನು ಹಣ ಕೊಟ್ಟು ಕೊಳ್ಳಬೇಕು. ಭಾರತದ ಈ ಕಾರ್ಬನ್ ಮಾರುಕಟ್ಟೆಗೆ ಕಾನೂನು ಸಿದ್ಧವಾಗಿದೆ, ಮೊದಲ ಗುರಿಗಳೂ ಪ್ರಕಟವಾಗಿವೆ.

ಆದರೆ ಮಾರುಕಟ್ಟೆ ನಿಲ್ಲುವುದು ಕಾನೂನಿನ ಮೇಲಷ್ಟೇ ಅಲ್ಲ. ಕಣ್ಣಿಗೆ ಕಾಣದ ಅನಿಲವನ್ನು ಸರಿಯಾಗಿ ಅಳೆಯುವವರು, ಆ ಅಳತೆಯನ್ನು ಪರಿಶೀಲಿಸುವವರು, ತಪ್ಪಿದವರಿಂದ ದಂಡ ವಸೂಲಿ ಮಾಡುವವರು ಸರ್ಕಾರದ ಬಳಿ ಇದ್ದಾರೆಯೇ? ಯೋಜನೆಯ ಭವಿಷ್ಯ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆ.

ಏನಿದು ಕಾರ್ಬನ್ ಬೆಲೆ?

ಕಲ್ಲಿದ್ದಲು ಸುಟ್ಟಾಗ ಕಲ್ಲಿದ್ದಲಿನ ಬೆಲೆಯನ್ನು ಕಾರ್ಖಾನೆ ಕೊಡುತ್ತದೆ. ಆದರೆ ಅದರ ಹೊಗೆಯಿಂದ ಹವಾಮಾನಕ್ಕೆ ಆಗುವ ಹಾನಿಯ ಬೆಲೆಯನ್ನು ಯಾರೂ ಕೊಡುವುದಿಲ್ಲ. ಬರ, ನೆರೆ, ಬಿಸಿಗಾಳಿಯ ರೂಪದಲ್ಲಿ ಅದನ್ನು ಎಲ್ಲರೂ ತೆರುತ್ತಾರೆ. ಆ ಹಾನಿಯ ಒಂದು ಭಾಗವನ್ನಾದರೂ ಹೊಗೆ ಬಿಟ್ಟವರ ಖಾತೆಗೆ ಸೇರಿಸುವುದೇ ಕಾರ್ಬನ್ ಬೆಲೆ.

ಇದಕ್ಕೆ ಎರಡು ದಾರಿಗಳಿವೆ. ಒಂದು, ಪ್ರತಿ ಟನ್‌ಗೆ ಇಂತಿಷ್ಟು ಎಂದು ನೇರವಾಗಿ ತೆರಿಗೆ ಹಾಕುವುದು. ಇನ್ನೊಂದು, ಮಿತಿ ನಿಗದಿ ಮಾಡಿ ಉಳಿಸಿದವರು ಮಾರಲು, ಮೀರಿದವರು ಕೊಳ್ಳಲು ಬಿಡುವುದು. ವಿಶ್ವಬ್ಯಾಂಕ್‌ನ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಇಂಥ 80 ವ್ಯವಸ್ಥೆಗಳಿವೆ. ಜಗತ್ತಿನ ಒಟ್ಟು ಹೊರಸೂಸುವಿಕೆಯ ಸುಮಾರು ಶೇ 28ರಷ್ಟು ಇವುಗಳ ವ್ಯಾಪ್ತಿಯಲ್ಲಿದೆ. 2024ರಲ್ಲಿ ಇವುಗಳಿಂದ ಸರ್ಕಾರಗಳಿಗೆ ಬಂದ ಆದಾಯ 10,000 ಕೋಟಿ ಡಾಲರ್‌ಗೂ ಹೆಚ್ಚು.

ಭಾರತ ಎರಡನೇ ದಾರಿಯನ್ನು ಆರಿಸಿಕೊಂಡಿದೆ, ಆದರೆ ತುಸು ಬದಲಾವಣೆಯೊಂದಿಗೆ. ಯುರೋಪ್‌ನಲ್ಲಿ ಒಟ್ಟು ಹೊರಸೂಸುವಿಕೆಗೇ ಮಿತಿ ಇದೆ. ಇಲ್ಲಿ ಮಿತಿ ಇರುವುದು ಒಂದು ಟನ್ ಉತ್ಪನ್ನಕ್ಕೆ ಎಷ್ಟು ಎಂಬುದಕ್ಕೆ. ಅಂದರೆ ಕಾರ್ಖಾನೆ ಉತ್ಪಾದನೆ ಹೆಚ್ಚಿಸಬಹುದು, ಆದರೆ ಪ್ರತಿ ಟನ್‌ನ ಹೊಗೆ ಇಳಿಯಬೇಕು.

ಭಾರತದ ಯೋಜನೆ ಇಲ್ಲಿಯವರೆಗೆ

2022ರಲ್ಲಿ ಸಂಸತ್ತು ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ಕಾರ್ಬನ್ ಮಾರುಕಟ್ಟೆಗೆ ದಾರಿ ಮಾಡಿಕೊಟ್ಟಿತು. 2023ರ ಜೂನ್‌ನಲ್ಲಿ ಇಂಧನ ಸಚಿವಾಲಯ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯ ಅಧಿಸೂಚನೆ ಹೊರಡಿಸಿತು. 2025ರ ಅಕ್ಟೋಬರ್‌ನಲ್ಲಿ ಪರಿಸರ ಸಚಿವಾಲಯ ನಾಲ್ಕು ಕ್ಷೇತ್ರಗಳ 282 ಘಟಕಗಳಿಗೆ ಗುರಿ ಪ್ರಕಟಿಸಿತು: ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮತ್ತು ಕ್ಲೋರಿನ್–ಕಾಸ್ಟಿಕ್ ಸೋಡಾ ತಯಾರಿಕೆ. 2023-24ನ್ನು ಆಧಾರ ವರ್ಷವಾಗಿಟ್ಟುಕೊಂಡು 2025-26 ಮತ್ತು 2026-27ಕ್ಕೆ ಪ್ರತಿ ಘಟಕಕ್ಕೂ ಪ್ರತ್ಯೇಕ ಗುರಿ ಕೊಡಲಾಗಿದೆ. ಉಕ್ಕು, ರಸಗೊಬ್ಬರ, ಪೆಟ್ರೋಕೆಮಿಕಲ್, ತೈಲ ಸಂಸ್ಕರಣೆ ಮತ್ತು ಜವಳಿ ಕೂಡ ಯೋಜನೆಯ ಪಟ್ಟಿಯಲ್ಲಿವೆ. ಉಷ್ಣ ವಿದ್ಯುತ್ ಸ್ಥಾವರಗಳನ್ನು ಮೊದಲ ಹಂತದಿಂದ ಹೊರಗಿಡಲಾಗಿದೆ.

ಸಿಮೆಂಟ್ ಎಂದರೆ ಕನ್ನಡಿಗರಿಗೆ ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ನೆನಪಾಗುತ್ತವೆ. ಕಾಗದ ಎಂದರೆ ದಾಂಡೇಲಿ. ಪಕ್ಕದ ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡಿನಲ್ಲೂ ಇಂಥ ಊರುಗಳಿವೆ. ಹೀಗಾಗಿ ಇದು ದೆಹಲಿಯ ಕಡತಗಳಲ್ಲಿ ಮುಗಿಯುವ ವಿಷಯವಲ್ಲ.

ಶೇ 3ರ ತಪ್ಪು, ಲಾಭವೆಲ್ಲ ಮಾಯ

ಒಂದು ಪ್ರಮಾಣಪತ್ರ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅಳತೆ ಏಕೆ ಮುಖ್ಯ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ.

ಒಂದು ಕಾರ್ಖಾನೆ ವರ್ಷಕ್ಕೆ 20 ಲಕ್ಷ ಟನ್ ಸರಕು ತಯಾರಿಸುತ್ತದೆ. ಪ್ರತಿ ಟನ್‌ಗೆ 0.70 ಟನ್ ಹೊರಸೂಸಬಹುದು ಎಂಬುದು ಗುರಿ. ಅದು 0.68 ಟನ್‌ಗೆ ಇಳಿಸಿತು ಎಂದುಕೊಳ್ಳಿ. ಉಳಿತಾಯ 0.02 ಟನ್. 20 ಲಕ್ಷದಿಂದ ಗುಣಿಸಿದರೆ 40,000 ಪ್ರಮಾಣಪತ್ರಗಳು ಅದರ ಕೈಗೆ ಬರುತ್ತವೆ.

ಈಗ ಕಾರ್ಖಾನೆಯ ಒಟ್ಟು ಹೊರಸೂಸುವಿಕೆ ನೋಡಿ: 13.6 ಲಕ್ಷ ಟನ್. ಇದರ ಅಳತೆಯಲ್ಲಿ ಶೇ 3ರಷ್ಟು ಹೆಚ್ಚುಕಡಿಮೆಯಾದರೆ 40,800 ಟನ್. ಅಂದರೆ ಕಾರ್ಖಾನೆ ನಿಜಕ್ಕೂ ಏನನ್ನೂ ಉಳಿಸದೆ, ಅಳತೆಯ ಲೋಪದಿಂದಲೇ 40,000 ಪ್ರಮಾಣಪತ್ರ ಗಿಟ್ಟಿಸಬಹುದು. ಪ್ರಾಮಾಣಿಕವಾಗಿ ಹಣ ಹೂಡಿ ಹೊಗೆ ಇಳಿಸಿದ ಇನ್ನೊಂದು ಕಾರ್ಖಾನೆಯ ಪ್ರಮಾಣಪತ್ರಕ್ಕೆ ಆಗ ಬೆಲೆಯೇ ಇರುವುದಿಲ್ಲ. ತಕ್ಕಡಿ ಸರಿಯಿಲ್ಲದ ಅಂಗಡಿಯಲ್ಲಿ ದರಪಟ್ಟಿ ಎಷ್ಟು ಚೆನ್ನಾಗಿದ್ದರೇನು?

ಲೆಕ್ಕ ಹಾಕುವುದು ಹೇಗೆ?

ಹೆಚ್ಚಿನ ಕಡೆ ಚಿಮಣಿಗೆ ಮೀಟರ್ ಹಾಕಿ ಅನಿಲ ಅಳೆಯುವುದಿಲ್ಲ, ಲೆಕ್ಕ ಕಟ್ಟುತ್ತಾರೆ. ಎಷ್ಟು ಇಂಧನ ಸುಟ್ಟರು ಎಂಬುದನ್ನು ಆ ಇಂಧನದ ಶಾಖಮೌಲ್ಯದಿಂದ ಮತ್ತು ಅದರಲ್ಲಿರುವ ಇಂಗಾಲದ ಪ್ರಮಾಣದಿಂದ ಗುಣಿಸುತ್ತಾರೆ. ಕೇಳಲು ಸುಲಭ. ಆದರೆ ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು, ಗಣಿಯಿಂದ ಗಣಿಗೆ, ರೇಕ್‌ನಿಂದ ರೇಕ್‌ಗೆ ಗುಣಮಟ್ಟ ಬದಲಾಗುತ್ತದೆ. ಯಾವ ಲೋಡ್‌ನಿಂದ, ಯಾವ ವಿಧಾನದಲ್ಲಿ ಮಾದರಿ ತೆಗೆದರು, ಪ್ರಯೋಗಾಲಯಕ್ಕೆ ಮಾನ್ಯತೆ ಇದೆಯೇ ಎಂಬುದೆಲ್ಲ ಅಂತಿಮ ಅಂಕಿಯನ್ನು ಅಲುಗಾಡಿಸುತ್ತದೆ.

ಸಿಮೆಂಟ್‌ನಲ್ಲಿ ಇನ್ನೊಂದು ತೊಡಕಿದೆ. ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿಂದಲೇ ಅನಿಲ ಬಿಡುಗಡೆಯಾಗುತ್ತದೆ. 100 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸಿಮೆಂಟ್ ಉದ್ಯಮದ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಈ ಕಲ್ಲಿನಿಂದ, ಇಂಧನದಿಂದಲ್ಲ. ವಿದ್ಯುತ್ ಬಿಲ್, ಕಲ್ಲಿದ್ದಲು ರಸೀದಿ ನೋಡಿ ಇದನ್ನು ಹಿಡಿಯಲಾಗದು. ರಸಾಯನಶಾಸ್ತ್ರ ಬಲ್ಲ ಪರಿಶೀಲಕರು ಬೇಕು.

ಯಾರ ಕೆಲಸ ಯಾವುದು?

ಈ ವ್ಯವಸ್ಥೆ ಒಂದೇ ಇಲಾಖೆಯ ಕೈಯಲ್ಲಿಲ್ಲ.

- ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಯೋಜನೆಯ ಆಡಳಿತ ನಡೆಸುತ್ತದೆ, ಗುರಿಗಳನ್ನು ಲೆಕ್ಕ ಹಾಕುತ್ತದೆ.
- ಪರಿಸರ ಸಚಿವಾಲಯ ಆ ಗುರಿಗಳ ಅಧಿಸೂಚನೆ ಹೊರಡಿಸುತ್ತದೆ.
- ಮಾನ್ಯತೆ ಪಡೆದ ಪರಿಶೀಲನಾ ಸಂಸ್ಥೆಗಳು ಕಾರ್ಖಾನೆಯ ಲೆಕ್ಕವನ್ನು ತಪಾಸಣೆ ಮಾಡುತ್ತವೆ.
- ಗ್ರಿಡ್ ಕಂಟ್ರೋಲರ್ ಆಫ್ ಇಂಡಿಯಾ ಪ್ರಮಾಣಪತ್ರಗಳ ಖಾತೆ ಪುಸ್ತಕ ಇಡುತ್ತದೆ.
- ವಹಿವಾಟು ನಡೆಯುವುದು ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ. ಅದರ ಮೇಲೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ಕಣ್ಣಿರುತ್ತದೆ.
- ಗುರಿ ತಪ್ಪಿಯೂ ಪ್ರಮಾಣಪತ್ರ ಕೊಳ್ಳದವರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಸರ ಪರಿಹಾರ ಮೊತ್ತ ವಿಧಿಸುತ್ತದೆ. ಕೊರತೆಯಾದ ಪ್ರತಿ ಪ್ರಮಾಣಪತ್ರಕ್ಕೆ ಆ ಅವಧಿಯ ಸರಾಸರಿ ಬೆಲೆಯ ಎರಡು ಪಟ್ಟು.

ಒಂದು ಕಾರ್ಖಾನೆಯ ಅಂಕಿ ಇಷ್ಟು ಮೇಜುಗಳನ್ನು ದಾಟಬೇಕು. ಯಾವುದೇ ಒಂದು ಮೇಜಿನಲ್ಲಿ ಸಿಬ್ಬಂದಿ ಇಲ್ಲದಿದ್ದರೂ ಇಡೀ ಸರಪಳಿ ಅಲ್ಲೇ ನಿಲ್ಲುತ್ತದೆ.

ಹಳೆಯ ಯೋಜನೆ ಕಲಿಸಿದ್ದು

ಇದು ಭಾರತಕ್ಕೆ ಪೂರ್ತಿ ಹೊಸದಲ್ಲ. 2012ರಲ್ಲಿ ಬಿಇಇ 'ಪ್ಯಾಟ್' ಯೋಜನೆ ಆರಂಭಿಸಿತ್ತು. ಅಲ್ಲಿ ಗುರಿ ಇದ್ದದ್ದು ಇಂಧನ ಉಳಿತಾಯಕ್ಕೆ. ಮೊದಲ ಸುತ್ತಿನಲ್ಲಿ ಎಂಟು ಕ್ಷೇತ್ರಗಳ 478 ಘಟಕಗಳಿದ್ದವು. ಒಟ್ಟು 86.7 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿಯಿತು, ಅದು ಗುರಿಗಿಂತ ಹೆಚ್ಚು. ಬಿಇಇ ನಡೆಸುವ ರಾಷ್ಟ್ರೀಯ ಪರೀಕ್ಷೆ ಪಾಸಾದ ಇಂಧನ ಲೆಕ್ಕ ಪರಿಶೋಧಕರ ಒಂದು ಪಡೆಯೇ ದೇಶದಲ್ಲಿ ಬೆಳೆದಿದೆ. ಕಾರ್ಖಾನೆಗಳಿಗೂ ಲೆಕ್ಕ ಒಪ್ಪಿಸುವ ಅಭ್ಯಾಸವಾಯಿತು. ಹೊಸ ಮಾರುಕಟ್ಟೆಗೆ ಇದೇ ಅಡಿಪಾಯ.

ಆದರೆ ದೌರ್ಬಲ್ಯವೂ ಅಲ್ಲೇ ಕಂಡಿತು. ಮೊದಲ ಸುತ್ತು ಮುಗಿದದ್ದು 2015ರ ಮಾರ್ಚ್‌ನಲ್ಲಿ. ಪ್ರಮಾಣಪತ್ರಗಳ ವಹಿವಾಟು ಶುರುವಾದದ್ದು 2017ರ ಸೆಪ್ಟೆಂಬರ್‌ನಲ್ಲಿ. ಹಣ ಹೂಡಿದ ಕಾರ್ಖಾನೆ ಅದರ ಫಲಕ್ಕೆ ಎರಡೂವರೆ ವರ್ಷ ಕಾಯಬೇಕಾಯಿತು. ಗುರಿ ಸಡಿಲವಾಗಿದ್ದರಿಂದ ಮಾರುವವರು ಹೆಚ್ಚಾಗಿ ಬೆಲೆ ಕುಸಿಯಿತು, ತಪ್ಪಿದವರ ಮೇಲಿನ ಕ್ರಮವೂ ಬಿಗಿಯಾಗಲಿಲ್ಲ. ಕಾರ್ಬನ್ ಮಾರುಕಟ್ಟೆಯಲ್ಲಿ ಇದೇ ಮರುಕಳಿಸಿದರೆ ಉದ್ಯಮಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಬೇರೆಯವರೂ ಎಡವಿದ್ದಾರೆ

ಯುರೋಪ್ ಒಕ್ಕೂಟ 2005ರಲ್ಲಿ ಮಾರುಕಟ್ಟೆ ಆರಂಭಿಸಿದಾಗ ಕಾರ್ಖಾನೆಗಳ ಪರಿಶೀಲಿತ ಅಂಕಿಅಂಶ ಅದರ ಬಳಿ ಇರಲಿಲ್ಲ. ಅಂದಾಜಿನ ಮೇಲೆ ಪರವಾನಗಿ ಹಂಚಿತು. 2006ರಲ್ಲಿ ನಿಜವಾದ ಲೆಕ್ಕ ಹೊರಬಿದ್ದಾಗ ಹೊಗೆಗಿಂತ ಪರವಾನಗಿಗಳೇ ಹೆಚ್ಚಿವೆ ಎಂದು ತಿಳಿಯಿತು. 30 ಯೂರೋ ಆಸುಪಾಸಿನಲ್ಲಿದ್ದ ಬೆಲೆ ದಿನಗಳಲ್ಲೇ ಕುಸಿದು, 2007ರ ಹೊತ್ತಿಗೆ ಬಹುತೇಕ ಸೊನ್ನೆಗೆ ಬಂತು.

ಚೀನಾದ ರಾಷ್ಟ್ರೀಯ ಮಾರುಕಟ್ಟೆ 2021ರ ಜುಲೈನಲ್ಲಿ ತೆರೆಯಿತು. ಮರುವರ್ಷವೇ ಕೆಲವು ಸಲಹಾ ಸಂಸ್ಥೆಗಳು ಕಲ್ಲಿದ್ದಲು ಪರೀಕ್ಷಾ ವರದಿಗಳನ್ನು ತಿದ್ದಿದ್ದನ್ನು ಅಲ್ಲಿನ ಪರಿಸರ ಸಚಿವಾಲಯ ಬಹಿರಂಗಪಡಿಸಿತು. ಬಳಿಕ ದತ್ತಾಂಶದ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು.

ದಕ್ಷಿಣ ಕೊರಿಯಾ ಮೊದಲು ತಕ್ಕಡಿ ಸರಿಪಡಿಸಿಕೊಂಡಿತು. 2010ರಲ್ಲಿ ಹಸಿರುಮನೆ ಅನಿಲಗಳ ಲೆಕ್ಕಕ್ಕಾಗಿಯೇ ಒಂದು ಕೇಂದ್ರ ಸ್ಥಾಪಿಸಿತು, ಬಳಿಕ ಕಂಪನಿಗಳಿಗೆ ಗುರಿ ಕೊಟ್ಟು ವರದಿ ಪಡೆಯಿತು. ಮಾರುಕಟ್ಟೆ ತೆರೆದದ್ದು 2015ರಲ್ಲಿ.

ಭರವಸೆಯ ಉದಾಹರಣೆ ನಮ್ಮಲ್ಲೇ ಇದೆ. ಗುಜರಾತ್‌ನ ಸೂರತ್‌ನಲ್ಲಿ 2019ರಲ್ಲಿ ದೂಳಿನ ಕಣಗಳಿಗೆ ಇಂಥದೇ ಮಾರುಕಟ್ಟೆ ಶುರುವಾಯಿತು. ಚಿಮಣಿಗಳಿಗೆ ನಿರಂತರ ಅಳತೆಯ ಉಪಕರಣ ಅಳವಡಿಸಿ, ಅಂಕಿಗಳು ನೇರವಾಗಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಲುಪುವಂತೆ ಮಾಡಲಾಯಿತು. ಸುಮಾರು 300 ಕಾರ್ಖಾನೆಗಳ ಅಧ್ಯಯನದಲ್ಲಿ, ಮಾರುಕಟ್ಟೆಗೆ ಸೇರಿದ ಕಾರ್ಖಾನೆಗಳ ದೂಳು ಶೇ 20ರಿಂದ 30ರಷ್ಟು ತಗ್ಗಿತು. ಬಹುತೇಕ ಎಲ್ಲ ಕಾರ್ಖಾನೆಗಳೂ ನಿಯಮ ಪಾಲಿಸಿದವು. ರಾಜ್ಯ ಮಟ್ಟದ ಒಂದು ಮಂಡಳಿ, ಸರಿಯಾದ ಅಳತೆ ಮತ್ತು ಖಚಿತ ದಂಡ ಇದ್ದರೆ ಮಾರುಕಟ್ಟೆ ನಡೆಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಯುರೋಪ್ ಗಡಿಯಲ್ಲಿ ಕಾದಿರುವ ಬಿಲ್

ಈ ಸಿದ್ಧತೆಗೆ ಆತುರ ತಂದಿರುವುದು ಯುರೋಪ್‌ನ ಗಡಿ ಕಾರ್ಬನ್ ಶುಲ್ಕ. 2023ರ ಅಕ್ಟೋಬರ್‌ನಿಂದ ವರದಿ ಮಾತ್ರ ಕೇಳುತ್ತಿದ್ದ ಈ ವ್ಯವಸ್ಥೆ 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಯಾಗಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಅಲ್ಲಿನ ಆಮದುದಾರರು ಹಣ ತೆರಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬೃಹತ್ ಉಕ್ಕಿನ ಕಾರ್ಖಾನೆಯಂಥವು ಮಾತ್ರವಲ್ಲ, ನಟ್ಟು ಬೋಲ್ಟು ಮಾಡುವ ಸಣ್ಣ ಉದ್ಯಮಗಳ ಸರಕೂ ಇದರ ವ್ಯಾಪ್ತಿಗೆ ಬರುತ್ತದೆ.

ಇಲ್ಲಿ ಎರಡು ಅಂಶ ಮುಖ್ಯ. ಮೊದಲನೆಯದು, ಪರಿಶೀಲಿಸಿದ ಸ್ವಂತ ಲೆಕ್ಕ ಇಲ್ಲದಿದ್ದರೆ ಯುರೋಪ್ ತಾನೇ ನಿಗದಿ ಮಾಡಿದ ಮೌಲ್ಯವನ್ನು, ಅದರ ಮೇಲೆ ಇನ್ನಷ್ಟು ಸೇರಿಸಿ, ಅನ್ವಯಿಸುತ್ತದೆ. ಶುದ್ಧವಾಗಿ ತಯಾರಿಸಿದರೂ ದಾಖಲೆ ಇಲ್ಲದವರು ಹೆಚ್ಚು ತೆರಬೇಕಾಗಬಹುದು. ಎರಡನೆಯದು, ತಯಾರಿಸಿದ ದೇಶದಲ್ಲೇ ಕಾರ್ಬನ್ ಬೆಲೆ ಕೊಟ್ಟಿದ್ದಕ್ಕೆ ಪುರಾವೆ ಇದ್ದರೆ ಅಷ್ಟನ್ನು ಕಳೆಯಲು ಅವಕಾಶವಿದೆ. ಭಾರತದ ಲೆಕ್ಕವನ್ನು ಯುರೋಪ್ ನಂಬಿದರೆ ಆ ಹಣ ಇಲ್ಲೇ ಉಳಿಯಬಹುದು, ನಂಬದಿದ್ದರೆ ಅಲ್ಲಿನ ಖಜಾನೆಗೆ ಹೋಗುತ್ತದೆ.

ದೇಶದ ಲೆಕ್ಕವೂ ಬೇಕು

ಕಾರ್ಖಾನೆಯ ಲೆಕ್ಕದ ಜೊತೆಗೆ ದೇಶದ ಒಟ್ಟು ಲೆಕ್ಕವನ್ನೂ ವಿಶ್ವಸಂಸ್ಥೆಗೆ ಕೊಡಬೇಕು. 2024ರ ಡಿಸೆಂಬರ್‌ನಲ್ಲಿ ಭಾರತ ಸಲ್ಲಿಸಿದ ವರದಿಯ ಪ್ರಕಾರ, 2020ರಲ್ಲಿ ಅರಣ್ಯದ ಹೀರಿಕೆ ಬಿಟ್ಟು ದೇಶದ ಹೊರಸೂಸುವಿಕೆ ಸುಮಾರು 296 ಕೋಟಿ ಟನ್. ಇದರಲ್ಲಿ ಇಂಧನ ಕ್ಷೇತ್ರದ ಪಾಲು ಶೇ 76ರಷ್ಟು. 2024ರ ಕೊನೆಗೆ ಕೈಗೆ ಬಂದ ಅಂಕಿ 2020ರದು ಎಂಬುದನ್ನು ಗಮನಿಸಿ. ಪ್ರತಿವರ್ಷ ಗುರಿ, ವಹಿವಾಟು, ದಂಡ ಎಂದು ಓಡಬೇಕಾದ ಮಾರುಕಟ್ಟೆಗೆ ಈ ವೇಗ ಸಾಲದು.

ಇನ್ನೇನು ಆಗಬೇಕು?

ಸಾಮರ್ಥ್ಯ ಕಟ್ಟುವುದು ಎಂದರೆ ಎರಡು ದಿನದ ಕಾರ್ಯಾಗಾರ, ಕೊನೆಗೊಂದು ಪ್ರಮಾಣಪತ್ರ ಎಂದಾಗಬಾರದು. ಬಿಇಇ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ ಕಾಯಂ ತಜ್ಞ ಹುದ್ದೆಗಳು ಬೇಕು. ಒಪ್ಪಂದ ಮುಗಿದೊಡನೆ ಹೊರಟುಹೋಗುವ ಸಲಹೆಗಾರರ ಜೊತೆ ಕಲಿತ ಪಾಠವೂ ಹೊರಟುಹೋಗುತ್ತದೆ. ತಪಾಸಣೆ ಮಾಡುವವರಿಗೆ ಶುಲ್ಕ ಕೊಡುವುದು ತಪಾಸಣೆಗೆ ಒಳಗಾಗುವ ಕಾರ್ಖಾನೆಯೇ ಆಗಿದ್ದರೆ, ಆ ಲೆಕ್ಕದ ಒಂದು ಭಾಗವನ್ನಾದರೂ ಸರ್ಕಾರ ಮತ್ತೆ ಪರೀಕ್ಷಿಸಬೇಕು.

ರಾಜ್ಯಗಳ ಪಾತ್ರವೂ ದೊಡ್ಡದು. ಬೆಂಗಳೂರಿನ ಕ್ರೆಡಲ್, ಪುಣೆಯ ಮೇಡಾದಂಥ ಸಂಸ್ಥೆಗಳು ಇಂಧನ ಸಂರಕ್ಷಣಾ ಕಾಯ್ದೆಯಡಿ ಈಗಾಗಲೇ ಕೆಲಸ ಮಾಡುತ್ತಿವೆ. ಸ್ಥಳೀಯ ಕಾರ್ಖಾನೆಗಳ ಪರಿಚಯ ಇರುವುದು ಅವುಗಳಿಗೆ. ರಫ್ತು ಮಾಡುವ ಸಣ್ಣ ಉದ್ಯಮಗಳಿಗೆ ಲೆಕ್ಕದ ಮಾದರಿ, ಕಡಿಮೆ ಖರ್ಚಿನ ಪರಿಶೀಲನೆ, ತಮ್ಮ ಭಾಷೆಯಲ್ಲಿ ಮಾರ್ಗದರ್ಶನ ಸಿಗಬೇಕಾದದ್ದು ಇಲ್ಲಿಂದಲೇ.

ಕಾರ್ಬನ್ ಬೆಲೆ ಎಷ್ಟಿರಬೇಕು ಎಂಬ ಚರ್ಚೆಗೆ ಮುಂದೆಯೂ ಸಮಯವಿದೆ, ಬೆಲೆಯನ್ನು ಏರಿಸಬಹುದು, ಇಳಿಸಬಹುದು. ಆದರೆ ಮೊದಲ ವರ್ಷಗಳ ಅಂಕಿಗಳು ತಪ್ಪಾದರೆ ಮುಂದಿನ ಗುರಿಗಳೆಲ್ಲ ಅದೇ ತಪ್ಪಿನ ಮೇಲೆ ಕೂರುತ್ತವೆ. ಹಾಗಾಗಿ ಈ ಮಾರುಕಟ್ಟೆಯಲ್ಲಿ ಸರ್ಕಾರ ಮೊದಲು ಹಣ ಹೂಡಬೇಕಾದದ್ದು ಅಳೆಯುವ ಜನರ ಮೇಲೆ.