ತುಮಕೂರಿನ ಕೆಮ್ಮು, ತಾಂಜಾನಿಯದ ಲೆಕ್ಕ

ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ಬಂದ ಮೇಲೆ ಬಾಡಿಗೆ ಮನೆ ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಅವರಲ್ಲಿ ಆಫ್ರಿಕಾದ ಹುಡುಗ ಹುಡುಗಿಯರೂ ಉಂಟು. ‘ನರ್ಸಿಂಗು, ಬಿ.ಸಿ.ಎ. ಓದೋಕ್ ಬರೋದು ಗೊತ್ತು ಸಾರ್. ಡಾಕ್ಟ್ರಾದೋರೂ ಬರ್ತಾರಂತಲ್ಲ, ಅವರಿಗೆ ನಮ್ಮಲ್ಲೇನ್ ಕಲಿಯೋಕಿರುತ್ತೆ?’ ಎಂದು ನಮ್ಮ ಬೀದಿಯ ಮನೆ ಮಾಲೀಕರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸಾರ್ವಜನಿಕ ಆರೋಗ್ಯ ಓದಲು ಲಂಡನ್ನು, ಬಾಲ್ಟಿಮೋರು ಇರುವಾಗ ಬೆಂಗಳೂರು ಏಕೆ?

ಉತ್ತರದ ಬಹುಪಾಲು ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಹಳೆಯ ಬಂಗಲೆಯಲ್ಲಿದೆ. ಅಲ್ಲಿರುವುದು ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. 1959ರಲ್ಲಿ ಹುಟ್ಟಿದ ಈ ಸಂಸ್ಥೆಯನ್ನು ಮರುವರ್ಷದ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಭಾರತ ಸರ್ಕಾರದ ಜತೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಕೈಜೋಡಿಸಿದ್ದವು. ಕ್ಷಯವೆಂದರೆ ಪಟ್ಟಣದ ರೋಗ, ಗಿರಣಿ ಕಾರ್ಮಿಕರ, ವಠಾರವಾಸಿಗಳ ರೋಗ ಎಂದೇ ಆವರೆಗೆ ಎಲ್ಲರೂ ತಿಳಿದಿದ್ದರು. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಆ ಎಣಿಕೆಯನ್ನು ತಲೆಕೆಳಗು ಮಾಡಿತು. ಹಳ್ಳಿಗೂ ಪೇಟೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ದೇಶದ ರೋಗಿಗಳನ್ನೆಲ್ಲ ಸ್ಯಾನಟೋರಿಯಂ ಹಾಸಿಗೆಗೆ ಹಾಕುವುದು ಕನಸಿನ ಮಾತು. ಹಾಸಿಗೆ ಬೇಕಿಲ್ಲ, ಮನೆಯಲ್ಲೇ ಮಾತ್ರೆ ನುಂಗಿದರೂ ಗುಣವಾಗುತ್ತದೆ ಎಂದು ಮದ್ರಾಸಿನ ಪ್ರಯೋಗ 1959ರಲ್ಲಿ ತೋರಿಸಿಕೊಟ್ಟಿತು. ಸರಿ, ಆದರೆ ಆ ಮಾತ್ರೆ ಹಳ್ಳಿಗೆ ಹೋಗುವುದು ಹೇಗೆ, ರೋಗಿಯನ್ನು ಹುಡುಕುವವರು ಯಾರು? ಅದನ್ನು ಕಂಡುಹಿಡಿಯುವ ಕೆಲಸ ಬೆಂಗಳೂರಿನ ಪಾಲಿಗೆ ಬಂತು.

ಸಂಸ್ಥೆಯ ತಂಡ ಮೊದಲು ಹೋದದ್ದು ತುಮಕೂರು ಜಿಲ್ಲೆಗೆ. ಅಲ್ಲಿನ ಸಮೀಕ್ಷೆಯಲ್ಲಿ ಕ್ಷಯ ಇದೆಯೆಂದು ಗೊತ್ತಾದವರನ್ನು ಮತ್ತೆ ಹುಡುಕಿಕೊಂಡು ಹೋಗಿ ಮಾತಾಡಿಸುವ ಯೋಜನೆ ಹಾಕಿದವರು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್. ಬ್ಯಾನರ್ಜಿ ವೈದ್ಯರು, ಜತೆಗೆ ಸಮಾಜವಿಜ್ಞಾನ ಬಲ್ಲವರು. ಹಳ್ಳಿಯವನು ಅಜ್ಞಾನಿ, ಕೆಮ್ಮಿದರೆ ಮಾಟ ಮಂತ್ರ ಎನ್ನುತ್ತಾನೆ, ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ಬಂಡಿ ತೆಗೆದುಕೊಂಡು ನಾವೇ ಮನೆ ಬಾಗಿಲಿಗೆ ಹೋಗಬೇಕು ಎಂಬುದು ಆಗಿನ ಪಂಡಿತರ ಮಾತು. ರೋಗಿಗಳು ಹೇಳಿದ್ದೇ ಬೇರೆ. ಬಹುತೇಕ ಎಲ್ಲರಿಗೂ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಾವಾಗಿಯೇ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ನೋಡಿದವರಿಲ್ಲ.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಈ ಅಧ್ಯಯನ ನಮ್ಮ ರಾಜ್ಯದ ನೆಲದಿಂದ ಹೊರಟ ಅತಿ ಮುಖ್ಯ ವೈದ್ಯಕೀಯ ಬರಹಗಳಲ್ಲೊಂದು ಎಂದು ನಾನು ನಂಬಿದ್ದೇನೆ. ತುಮಕೂರಿನವರಿಗೇ ಇದು ಗೊತ್ತಿಲ್ಲದಿರುವುದು ಬೇರೆ ಮಾತು. ಅದರ ತಿರುಳು ಇಷ್ಟೆ: ತಪ್ಪು ರೋಗಿಯದಲ್ಲ, ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಿದ ಆಸ್ಪತ್ರೆಯದು. ಹಾಗಾದರೆ ತಾಲ್ಲೂಕು ಮಟ್ಟದ ಚಿಕ್ಕ ಆಸ್ಪತ್ರೆಗೂ ಒಂದು ಸೂಕ್ಷ್ಮದರ್ಶಕ ಕೊಡಿ, ಕೆಮ್ಮುತ್ತ ಬಂದವರ ಕಫ ಪರೀಕ್ಷಿಸಿ, ಜಿಲ್ಲೆಗೊಂದು ಕೇಂದ್ರವಿಟ್ಟು ಲೆಕ್ಕ ಹಿಡಿಯಿರಿ. 1962ರಿಂದ ಜಾರಿಗೆ ಬಂದ ಜಿಲ್ಲಾ ಕ್ಷಯ ಕಾರ್ಯಕ್ರಮ ಇದೇ ದಾರಿ ಹಿಡಿದದ್ದು.

ಫೆಲೋಶಿಪ್ ಪಡೆದು ಕಲಿಯಲು ಬರುವ ಏಷ್ಯಾ, ಆಫ್ರಿಕಾಗಳ ವೈದ್ಯರಿಗೆ ಬೆಂಗಳೂರು ಕೊಡಬಹುದಾಗಿದ್ದ ಪಾಠವೂ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಫೆಲೋಶಿಪ್ ಎಂದರೆ ಸರಳ ವ್ಯವಸ್ಥೆ. ಆಯಾ ದೇಶದ ಸರ್ಕಾರ ಹೆಸರು ಸೂಚಿಸುತ್ತದೆ, ಸಂಸ್ಥೆ ಪ್ರಯಾಣದ ಖರ್ಚು, ಊಟ-ವಸತಿಯ ಭತ್ಯೆ ಕೊಡುತ್ತದೆ, ಕಲಿತವರು ತಿರುಗಿ ಹೋಗಿ ತಮ್ಮ ಸರ್ಕಾರದ ಕೆಲಸಕ್ಕೆ ಸೇರಬೇಕು. ಇದರ ಜತೆಗೆ 1964ರ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಇಲಾಖೆ ಐಟೆಕ್ ಎಂಬ ತಾಂತ್ರಿಕ ಸಹಕಾರ ಯೋಜನೆ ಶುರು ಮಾಡಿತು. ಕಾಮನ್‌ವೆಲ್ತಿನ ಆಫ್ರಿಕಾ ದೇಶಗಳಿಗೆಂದೇ ಅದರ ಜೋಡಿ ಯೋಜನೆಯೊಂದೂ ಇತ್ತು. ಆಗಷ್ಟೇ ಸ್ವತಂತ್ರವಾದ ದೇಶಗಳಿಗೆ ಲಂಡನ್ನಿನ ಡಿಪ್ಲೊಮಾಕ್ಕಿಂತ, ದುಡ್ಡಿಲ್ಲದ ಊರಲ್ಲಿ ಕಾರ್ಯಕ್ರಮ ನಡೆಸುವ ಬಗೆ ಬೇಕಿತ್ತು.

ಅವಲಾನ್‌ನಲ್ಲಿ ವೈದ್ಯರಿಗೆ ಮಾತ್ರ ಪಾಠವಿರಲಿಲ್ಲ. ಜಿಲ್ಲಾ ಕ್ಷಯ ಅಧಿಕಾರಿಯಾದ ವೈದ್ಯ, ಪ್ರಯೋಗಾಲಯದ ತಂತ್ರಜ್ಞ, ಎಕ್ಸ್‌ರೇಯವನು, ಚಿಕಿತ್ಸೆಯ ಲೆಕ್ಕ ನೋಡುವವನು, ಬಿ.ಸಿ.ಜಿ. ಲಸಿಕೆ ತಂಡದ ಮುಖ್ಯಸ್ಥ, ಅಂಕಿಅಂಶದ ಗುಮಾಸ್ತ ಎಲ್ಲರನ್ನೂ ಒಂದೇ ತಂಡವಾಗಿ ತರಬೇತು ಮಾಡುತ್ತಿದ್ದರು. ಕಫ ಪರೀಕ್ಷೆಯನ್ನೇ ನೋಡಿ. ಬೆಳಗಿನ ಕಫದಲ್ಲಿ ಹಳದಿ, ಗಟ್ಟಿ ಇರುವ ಚೂರನ್ನೇ ಆರಿಸಿ ಗಾಜಿನ ಮೇಲೆ ತೆಳ್ಳಗೆ ಸವರಬೇಕು. ಒಣಗಿಸಿ, ಉರಿಯ ಮೇಲೆ ಆಡಿಸಿ, ಕೆಂಪು ಬಣ್ಣ ಸುರಿದು ಕೆಳಗಿನಿಂದ ಕಾಯಿಸಬೇಕು. ಆವಿ ಏಳಬೇಕು, ಕುದಿಯಕೂಡದು. ಆಮೇಲೆ ಆಮ್ಲದಿಂದ ತೊಳೆದರೆ ಉಳಿದೆಲ್ಲದರ ಕೆಂಪು ಬಿಡುತ್ತದೆ, ಕ್ಷಯದ ಕೋಲುಗಳದ್ದು ಬಿಡುವುದಿಲ್ಲ. ಕೊನೆಗೆ ನೀಲಿ. ಎಣ್ಣೆ ಹಾಕಿದ ಮಸೂರದಡಿ ನೂರು ಜಾಗ ನೋಡದೆ ‘ಇಲ್ಲ’ ಎಂದು ಬರೆಯುವ ಹಾಗಿಲ್ಲ. ಈ ನೂರು ಜಾಗ ನೋಡುವ ತಾಳ್ಮೆಯೇ ಕಾರ್ಯಕ್ರಮದ ಬೆನ್ನೆಲುಬು. ಮೂವತ್ತಕ್ಕೇ ಕಣ್ಣು ತೆಗೆದ ತಂತ್ರಜ್ಞನಿದ್ದಲ್ಲಿ ಎಂಥ ಮಾತ್ರೆ ಬಂದರೂ ದಂಡ.

ಈ ತರಬೇತಿಗೆ ಹಿನ್ನೆಲೆಯಾಗಿ ಇನ್ನೊಂದು ಅಧ್ಯಯನ ಇತ್ತು. 1961ರಿಂದ 68ರವರೆಗೆ ಬೆಂಗಳೂರು ಜಿಲ್ಲೆಯ ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ ಹಳ್ಳಿಗಳನ್ನು ಸಂಸ್ಥೆ ಮತ್ತೆ ಮತ್ತೆ ಸಮೀಕ್ಷಿಸಿತು. ಕಾರ್ಯಕ್ರಮದ ಚಿಕಿತ್ಸೆ ಇನ್ನೂ ಮುಟ್ಟದ ಆ ಊರುಗಳಲ್ಲಿ, ಕಫದಲ್ಲಿ ರೋಗಾಣು ಇದ್ದವರಲ್ಲಿ ಐದು ವರ್ಷಗಳಲ್ಲಿ ಸುಮಾರು ಅರ್ಧ ಮಂದಿ ಸತ್ತರು, ಮೂರನೇ ಒಂದು ಭಾಗದವರು ತಾವಾಗಿಯೇ ಗುಣವಾದರು, ಉಳಿದವರು ರೋಗ ಹರಡುತ್ತ ಉಳಿದರು. ಜಗತ್ತಿನ ಕ್ಷಯದ ಪಠ್ಯಗಳಲ್ಲಿ ಇಂದಿಗೂ ಕಾಣುವ ಈ ಅಂಕಿಗಳ ಹಿಂದೆ ನೆಲಮಂಗಲ, ಮಾಗಡಿಯ ಸಂಸಾರಗಳಿವೆ. ಈಗ ಯಾವ ನೈತಿಕ ಸಮಿತಿಯೂ ಅಂಥ ಅಧ್ಯಯನಕ್ಕೆ ಸಹಿ ಹಾಕುವುದಿಲ್ಲ, ಹಾಕಲೂಬಾರದು.

ಬೆಂಗಳೂರಿನ ಈ ಪಾಠವನ್ನು ದೂರ ಒಯ್ದವರು ಹಾಫ್‌ಡನ್ ಮಾಹ್ಲರ್. ಡೆನ್ಮಾರ್ಕಿನ ಈ ವೈದ್ಯ 1951ರಿಂದ ಹತ್ತು ವರ್ಷ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ದುಡಿದರು, ಬೆಂಗಳೂರಿನ ಸಂಸ್ಥೆ ಕಟ್ಟುವುದರಲ್ಲೂ ಅವರ ಕೈಯಿತ್ತು. ಅಲ್ಲಿಂದ ಜಿನೀವಾದ ಕ್ಷಯ ವಿಭಾಗಕ್ಕೆ ಹೋದರು, 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. ಅವರ ಕಾಲದಲ್ಲೇ, 1975ರಲ್ಲಿ, ಉಷ್ಣವಲಯದ ರೋಗಗಳಿಗೆ ಮೀಸಲಾದ ಟಿ.ಡಿ.ಆರ್. ಕಾರ್ಯಕ್ರಮ ಶುರುವಾಯಿತು. ರೋಗವಿರುವ ದೇಶಗಳವರೇ ಸಂಶೋಧಕರಾಗಬೇಕು ಎಂದು ಅದು ಆಫ್ರಿಕಾದ ವಿದ್ವಾಂಸರಿಗೆ ಫೆಲೋಶಿಪ್ ಕೊಡುತ್ತ ಬಂತು. ತಮಾಷೆಯೆಂದರೆ ಅದರ ಮೊದಲ ಪಟ್ಟಿಯಲ್ಲಿ ಮಲೇರಿಯಾ, ಆನೆಕಾಲು, ಕುಷ್ಠ ಇದ್ದವು, ಕ್ಷಯ ಇರಲಿಲ್ಲ.

ಇತ್ತ ನಮ್ಮ ಮನೆಯಲ್ಲೇ ದೀಪ ಮಂಕಾಗಿತ್ತು. ಜಿಲ್ಲಾ ಕ್ಷಯ ಕಾರ್ಯಕ್ರಮ ಚೆನ್ನಾಗಿದ್ದದ್ದು ಕಾಗದದ ಮೇಲೆ ಮಾತ್ರ. ಔಷಧಿ ಮುಗಿಯುತ್ತಿತ್ತು, ಹುದ್ದೆ ಖಾಲಿ ಬೀಳುತ್ತಿತ್ತು, ಕಫಕ್ಕಿಂತ ಎಕ್ಸ್‌ರೇ ಮೇಲೆಯೇ ಮೋಹ ಉಳಿಯಿತು. ಅರ್ಧದಷ್ಟು ರೋಗಿಗಳೂ ಚಿಕಿತ್ಸೆ ಪೂರ್ತಿ ಮುಗಿಸುತ್ತಿಲ್ಲ ಎಂದು 1992ರ ಪರಿಶೀಲನೆ ಹೇಳಿತು. ಅದೇ ಹೊತ್ತಿಗೆ ತಾಂಜಾನಿಯ ಬೇರೆ ಕಥೆ ಬರೆದಿತ್ತು. ಜೆಕ್ ವೈದ್ಯ ಕಾರೆಲ್ ಸ್ಟಿಬ್ಲೊ ಮಾರ್ಗದರ್ಶನದಲ್ಲಿ 1970ರ ದಶಕದ ಕೊನೆಯಿಂದ ಅಲ್ಲಿ ನಡೆದ ಕಾರ್ಯಕ್ರಮಕ್ಕೂ ಜಿಲ್ಲೆಯೇ ಘಟಕ, ಕಫದ ಸ್ಲೈಡೇ ಆಧಾರ. ಅದು ಕೂಡಿಸಿದ್ದು ಎರಡು: ಕಡಿಮೆ ಅವಧಿಯ ಬಲವಾದ ಔಷಧಿ, ಮತ್ತು ಮೂರು ತಿಂಗಳಿಗೊಮ್ಮೆ ಪ್ರತಿ ರೋಗಿಯೂ ಏನಾದನೆಂದು ಒಪ್ಪಿಸಲೇಬೇಕಾದ ಲೆಕ್ಕ. ಅದೇ ‘ಡಾಟ್ಸ್’ ಹೆಸರಲ್ಲಿ ಜಗತ್ತು ಸುತ್ತಿತು. 1993ರಿಂದ ಪ್ರಯೋಗವಾಗಿ, 1997ರಿಂದ ದೇಶದ ಕಾರ್ಯಕ್ರಮವಾಗಿ ಭಾರತಕ್ಕೂ ಬಂತು. ಆಫ್ರಿಕಾದವರಿಗೆ ಕಲಿಸುವ ಊರು, ಆಫ್ರಿಕಾದಲ್ಲಿ ಪಳಗಿದ ಪಾಠವನ್ನು ಹೊಸದಾಗಿ ಕಲಿತುಕೊಂಡಿತು. ನನ್ನನ್ನು ಕೇಳಿದರೆ ಫೆಲೋಶಿಪ್ಪಿನ ಇತಿಹಾಸದಲ್ಲಿ ಇದಕ್ಕಿಂತ ಆರೋಗ್ಯಕರವಾದದ್ದು ನಡೆದಿಲ್ಲ.

ಈಗ ಕಲಿಸುವುದಕ್ಕೆ ನಮ್ಮಲ್ಲಿ ಇನ್ನೊಂದು ವಿಷಯ ಎದ್ದು ನಿಂತಿದೆ, ಸೊಳ್ಳೆ. ಅನಾಫಿಲಿಸ್ ಸ್ಟೆಫೆನ್ಸಿ ನಮ್ಮ ಬಾವಿ, ಸಂಪು, ಮೇಲ್ಚಾವಣಿ ಟ್ಯಾಂಕಿನ ಸೊಳ್ಳೆ. ರಾಕ್‌ಫೆಲರ್ ಪ್ರತಿಷ್ಠಾನದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಡಬ್ಲ್ಯು.ಸಿ. ಸ್ವೀಟ್, ಇಲ್ಲಿನ ಬಿ.ಎ. ರಾವ್ ಸೇರಿ 1937ರಲ್ಲಿ ಅದರ ಮೊಟ್ಟೆಯ ಬದಿಯ ಗೆರೆಗಳನ್ನು ಎಣಿಸಿ, ಕಡಿಮೆ ಗೆರೆಯ ಒಂದು ಬಗೆಯನ್ನು ಬೇರ್ಪಡಿಸಿದರು. ಅದರ ಹೆಸರು ಮೈಸೂರೆನ್ಸಿಸ್. ಪೇಟೆಯಲ್ಲಿ ಮಲೇರಿಯಾ ಹರಡುವುದು ಹೆಚ್ಚು ಗೆರೆಯ ಇನ್ನೊಂದು ಬಗೆ. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ತರಿಸಿ ಲಾಲ್‌ಬಾಗ್ ಕೆರೆಗೆ ಬಿಟ್ಟವರೂ ಇದೇ ರಾವ್.

ಏಷ್ಯಾದ್ದೇ ಆಗಿದ್ದ ಈ ಸೊಳ್ಳೆ 2012ರಲ್ಲಿ ಜಿಬೂತಿಯಲ್ಲಿ ಕಂಡಿತು. ಆ ವರ್ಷ ಅಲ್ಲಿ ಮಲೇರಿಯಾ ಪ್ರಕರಣ 27, 2020ರಲ್ಲಿ 73 ಸಾವಿರ ದಾಟಿತು. ಇಥಿಯೋಪಿಯಾ, ಸುಡಾನ್, ನೈಜೀರಿಯ, ಕೀನ್ಯಾಗಳಲ್ಲೂ ಸಿಕ್ಕಿದೆ. 2022ರಲ್ಲಿ ಇಥಿಯೋಪಿಯಾದ ಡಿರೆ ಡಾವಾ ಪಟ್ಟಣದ ಮಲೇರಿಯಾ ಹಾವಳಿಗೂ ಇದೇ ಕಾರಣ. ಆಫ್ರಿಕಾದ ಮಲೇರಿಯಾ ತಜ್ಞರು ಪಳಗಿದ್ದು ಹಳ್ಳಿಯ, ರಾತ್ರಿಯ, ಮನೆಯೊಳಗಿನ ಸೊಳ್ಳೆಗಳ ಮೇಲೆ. ನಗರದ ಟ್ಯಾಂಕಿನ ಸೊಳ್ಳೆ ಅವರಿಗೆ ಹೊಸದು, ನಮಗೆ ಹಳೆಯದು.

2010ರಲ್ಲಿ ಕೇಂದ್ರದ ವಿಜ್ಞಾನ ಇಲಾಖೆ ಆಫ್ರಿಕಾದ ಸಂಶೋಧಕರಿಗೆಂದು ಸಿ.ವಿ. ರಾಮನ್ ಹೆಸರಿನ ಫೆಲೋಶಿಪ್ ತಂದಿತು. ಅದರಲ್ಲಿ ಬರುವವರಿಗೆ ಪ್ರಯೋಗಾಲಯ ಸಿಗುತ್ತದೆ. ನನ್ನ ಮಟ್ಟಿಗೆ ಈ ಸೊಳ್ಳೆಯನ್ನು ಅರಿಯಲು ಅದಷ್ಟೇ ಸಾಲದು. ಮಹದೇವಪುರ, ಕೆ.ಆರ್. ಪುರದ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ತುಂಬಿಟ್ಟ ಸಂಪುಗಳನ್ನೂ ಮಳೆಗಾಲದಲ್ಲಿ ಮುಚ್ಚಳ ಹಾರಿಹೋದ ಸಿಂಟೆಕ್ಸ್ ಟ್ಯಾಂಕುಗಳನ್ನೂ ಒಂದು ಪೂರ್ತಿ ವರ್ಷ ಏಣಿ ಹತ್ತಿ ನೋಡಬೇಕು, ಆರೋಗ್ಯ ಕಾರ್ಯಕರ್ತೆಯ ಜತೆ ಮನೆ ಮನೆಗೆ ಹೋಗಿ ‘ಮುಚ್ಚಳ ಹಾಕಿ ಅಮ್ಮ’ ಎಂದು ಬೈಸಿಕೊಳ್ಳಬೇಕು. ಬ್ಯಾನರ್ಜಿ, ಆ್ಯಂಡರ್ಸನ್ ತುಮಕೂರಿಗೆ ಹೋದ ಹಾಗೆ. ಆದರೆ ಈಗಿನ ಬಹುತೇಕ ಫೆಲೋಶಿಪ್‌ಗಳು ವಾರಗಳ, ತಿಂಗಳುಗಳ ಲೆಕ್ಕದವು. ಸಂಪು ತುಂಬುವ ಕಾಲ ನೋಡಿದವರಿಗೆ ಟ್ಯಾಂಕು ತೆರೆಯುವ ಕಾಲ ಸಿಗುವುದಿಲ್ಲ.