ಆದಾಯಕರವೂ ಅಂಗೈಯ ಯಂತ್ರವೂ

ಕರವೆಂಬ ಮಾತು ನಮ್ಮ ಸೀಮೆಯವರ ಕಿವಿಗೆ ಎಂದೂ ಇಂಪಾಗಿ ಕೇಳಿದುದಿಲ್ಲ. ಅದಕ್ಕೆ ಕಾರಣವೂ ಉಂಟು. 1858ರಲ್ಲಿ ಮುಂಡರಗಿಯ ಭೀಮರಾಯನು ಪರಸರಕಾರದ ವಿರುದ್ಧ ಕತ್ತಿಯನ್ನು ಹಿರಿದು ಕೊಪ್ಪಳದ ಕೋಟೆಯಲ್ಲಿ ಪ್ರಾಣವನ್ನೊಪ್ಪಿಸಿದನು. ಆ ಕಾಲದ ದಂಗೆಗಳನ್ನು ಅಡಗಿಸುವುದರಲ್ಲಿ ಬರಿದಾದ ಬೊಕ್ಕಸವನ್ನು ತುಂಬುವುದಕ್ಕೆಂದೇ ಜೇಮ್ಸ್ ವಿಲ್ಸನ್ನನು 1860ರಲ್ಲಿ ಈ ದೇಶದ ಮೇಲೆ ಆದಾಯಕರವನ್ನು ಹೇರಿದನು. ನಮ್ಮವರನ್ನು ಕೊಂದ ಗುಂಡುಮದ್ದಿನ ಬೆಲೆಯನ್ನು ನಮ್ಮವರಿಂದಲೇ ವಸೂಲು ಮಾಡಿದಂತಾಯಿತು. ಮುಂದೆ 1930ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಭೂಕಂದಾಯವನ್ನು ಕೊಡಲೊಲ್ಲೆವೆಂದು ಹೊಲಮನೆಗಳನ್ನೇ ಪಣಕ್ಕಿಟ್ಟರು. ಒಪ್ಪಿಗೆಯಿಲ್ಲದ ಕರವನ್ನು ನಿರಾಕರಿಸುವುದು ಅಂದಿನ ಧರ್ಮವಾಗಿದ್ದಿತು. ಇಂದು ಕಾಯದೆಯನ್ನು ಮಾಡುವವರು ನಾವೇ ಆರಿಸಿ ಕಳಿಸಿದವರು. ಆದುದರಿಂದ ಲೆಕ್ಕವನ್ನು ತಾನೇ ಓದಿ, ತಿಳಿದು, ಸತ್ಯವಾಗಿ ಒಪ್ಪಿಸುವುದು ಇಂದಿನ ಧರ್ಮವಾಗಿದೆ.

ಈ ಧರ್ಮಕ್ಕೆ ಈಗ ಹೊಸದೊಂದು ಸಲಕರಣೆಯು ದೊರೆತಿದೆ. ಹಿಂದೆ ನಮ್ಮ ಗದಗ-ಬೆಟಗೇರಿಯ ನೌಕರನು ಆದಾಯಪತ್ರದ ಒಪ್ಪಿಗೆ ಹಾಳೆಗೆ ಸಹಿ ಹಾಕಿ ಬೆಂಗಳೂರಿನ ಕೇಂದ್ರೀಯ ಕಚೇರಿಗೆ ಅಂಚೆಯಲ್ಲಿ ಕಳಿಸಿ, ಮುಟ್ಟಿತೋ ಇಲ್ಲವೋ ಎಂದು ದಿನಗಳನ್ನು ಎಣಿಸುತ್ತಿದ್ದನು. ಈಗ ಆದಾಯಕರ ಇಲಾಖೆಯ ಮೊಬೈಲು ಆ್ಯಪಿನಲ್ಲಿಯೇ ಪತ್ರವನ್ನು ತುಂಬಿ ಕಳಿಸಬಹುದು. ಆಧಾರದೊಡನೆ ಜೋಡಿಸಿದ ಮೊಬೈಲಿಗೆ ಬರುವ ಆರಂಕಿಯ ಓಟಿಪಿಯನ್ನು ಒತ್ತಿದರೆ ಅದೇ ಸಹಿಯಾಗುತ್ತದೆ. ಈ ಸಹಿಗೆ ಮೊದಲು 120 ದಿನಗಳ ಅವಕಾಶವಿದ್ದಿತು. 2022ರ ಆಗಸ್ಟ್ 1ರಿಂದ ಅದು 30 ದಿನಗಳಿಗೆ ಇಳಿಯಿತು. 2023ರ ಮಾರ್ಚಿಯಲ್ಲಿ ಇಲಾಖೆಯು ‘ಎ.ಐ.ಎಸ್. ಫಾರ್ ಟ್ಯಾಕ್ಸ್‌ಪೇಯರ್’ ಎಂಬ ಮತ್ತೊಂದು ಆ್ಯಪನ್ನು ಹೊರತಂದಿತು. ನಮ್ಮ ಬಡ್ಡಿ, ಲಾಭಾಂಶ, ಶೇರು ವ್ಯವಹಾರ, ಮೂಲದಲ್ಲಿಯೇ ಮುರಿದುಕೊಂಡ ಕರ, ಇವುಗಳಲ್ಲಿ ಸರಕಾರಕ್ಕೆ ತಿಳಿದಿರುವುದೆಷ್ಟು ಎಂಬುದನ್ನು ಅದು ನಮಗೇ ತೋರಿಸುತ್ತದೆ. ತಪ್ಪಿದ್ದರೆ ತಪ್ಪೆಂದು ಅಲ್ಲಿಯೇ ತಿಳಿಸಲೂಬಹುದು. ಪ್ರಜೆಯು ಸರಕಾರದ ಕಡತವನ್ನು ತನ್ನ ಅಂಗೈಯಲ್ಲಿ ತೆರೆದು ನೋಡುವುದು ಸಣ್ಣ ಮಾತಲ್ಲ.

ಆದರೆ ಯಂತ್ರವು ಕೈಗೆ ಬಂದ ಮಾತ್ರಕ್ಕೆ ಅರಿವು ಬಂದಂತಾಯಿತೆ? ಲಕ್ಷ್ಮೇಶ್ವರದ ನಿವೃತ್ತ ಶಿಕ್ಷಕರೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದಿದ್ದರು. ನಲವತ್ತು ವರುಷ ಮಕ್ಕಳಿಗೆ ಗಣಿತವನ್ನು ಕಲಿಸಿದವರು. ಪಿಂಚಣಿಯ ಲೆಕ್ಕವನ್ನು ಮಾತ್ರ ಪರಿಚಿತನೊಬ್ಬನ ಕೈಗೆ ಒಪ್ಪಿಸಿ, ಅವನು ಕೇಳಿದಾಗಲೆಲ್ಲ ಓಟಿಪಿಯನ್ನು ಫೋನಿನಲ್ಲಿ ಓದಿ ಹೇಳಿದ್ದರು. ಮುರಿದುಕೊಂಡ ಕರವೆಲ್ಲ ಮರಳಿ ಖಾತೆಗೆ ಬಂದಾಗ ಅವನ ಚಾತುರ್ಯವನ್ನು ಮೆಚ್ಚಿ ಕಮಿಶನ್ನನ್ನೂ ಕೊಟ್ಟರು. ಕೆಲವು ತಿಂಗಳ ಮೇಲೆ ಇಲಾಖೆಯ ಪ್ರಶ್ನೆಯು ಬಂದಿತು. ಪತ್ರವನ್ನು ತೆರೆಸಿ ನೋಡಿದರೆ, ಹೆಸರನ್ನೇ ಕೇಳದ ರಾಜಕೀಯ ಪಕ್ಷವೊಂದಕ್ಕೆ ಅವರು ದೊಡ್ಡ ದೇಣಿಗೆಯನ್ನು ಕೊಟ್ಟಂತೆ ಬರೆದಿತ್ತು! ಬಂದ ಹಣವನ್ನೂ ಬಡ್ಡಿಯನ್ನೂ ಹೆಚ್ಚುವರಿ ಕರವನ್ನೂ ಅವರೇ ಕಟ್ಟಬೇಕಾಯಿತು. “ಸಂಪಾದಕರೇ, ಹಣ ಹೋದುದಕ್ಕೆ ದುಃಖವಿಲ್ಲ, ನನ್ನ ಹೆಸರಿನಲ್ಲಿ ಸುಳ್ಳು ಬರೆದುಹೋಯಿತಲ್ಲ” ಎಂದು ಅವರು ಕಣ್ಣೊರಸಿಕೊಂಡರು.

ಇದು ಅವರೊಬ್ಬರ ಕಥೆಯಲ್ಲ. 2025ರ ಜುಲೈ 14ರಂದು ಇಲಾಖೆಯು ದೇಶದ 150 ಸ್ಥಳಗಳಲ್ಲಿ ಇಂಥ ಸುಳ್ಳು ವಿನಾಯಿತಿಗಳ ತಪಾಸಣೆಯನ್ನು ಕೈಕೊಂಡಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನರು 1,045 ಕೋಟಿ ರೂಪಾಯಿಗಳ ಸುಳ್ಳು ಬೇಡಿಕೆಗಳನ್ನು ತಾವಾಗಿಯೇ ಹಿಂತೆಗೆದುಕೊಂಡರೆಂದು ಸರಕಾರವು ಪ್ರಕಟಿಸಿತು. ಇವರಲ್ಲಿ ಆಸೆಗೆ ಬಿದ್ದವರೆಷ್ಟೋ, ಓದದೆ ಒಪ್ಪಿದವರೆಷ್ಟೋ! ಕಾಯದೆಯು ಮಾತ್ರ ತುಂಬಿದವನನ್ನು ಕೇಳುವುದಕ್ಕಿಂತ ಮೊದಲು ಸಹಿ ಮಾಡಿದವನನ್ನು ಕೇಳುತ್ತದೆ. ಓಟಿಪಿಯನ್ನು ಹೇಳುವುದೆಂದರೆ ಬರಿಯ ಹಾಳೆಗೆ ಹೆಬ್ಬೆಟ್ಟು ಒತ್ತಿ ಕೊಟ್ಟಂತೆಯೇ ಸರಿ.

ಆ್ಯಪು ತಾನಾಗಿ ತುಂಬಿ ಕೊಟ್ಟ ಅಂಕಿಗಳೇ ಪೂರ್ಣವೆಂದೂ ನಂಬಲಾಗದು. ಬ್ಯಾಂಕು ವರದಿ ಮಾಡಿದ್ದು ಅಲ್ಲಿ ಕಾಣುತ್ತದೆ. ಯಾರೂ ವರದಿ ಮಾಡದ ಆದಾಯವು ಕಾಣದು. ನಮ್ಮ ಭಾಗದವರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಮುಂಡರಗಿಯ ಗುಮಾಸ್ತನಿಗೋ ಶಿರಹಟ್ಟಿಯ ಶಿಕ್ಷಕಿಗೋ ಸಂಬಳದ ಜೊತೆಗೆ ಹೆಸರು, ಶೇಂಗಾ ಬೆಳೆಯುವ ನಾಲ್ಕೆಕರೆ ಹೊಲವಿರುವುದು ಸಾಮಾನ್ಯ. ಒಕ್ಕಲುತನದ ಉತ್ಪನ್ನಕ್ಕೆ ಕೇಂದ್ರದ ಆದಾಯಕರವಿಲ್ಲವೆಂಬುದು ನಿಜ. ಆದರೆ ಅದು 5,000 ರೂಪಾಯಿಗಳನ್ನು ಮೀರಿದರೆ ‘ಸಹಜ್’ ಎಂಬ ಸುಲಭದ ನಮೂನೆಯು ಸಲ್ಲದೆಂಬುದು ಇದುವರೆಗೆ ನಡೆದು ಬಂದ ನಿಯಮ; ಉಳಿದ ಆದಾಯದ ಮೇಲಿನ ಕರದ ದರವನ್ನು ಗೊತ್ತುಪಡಿಸುವಾಗಲೂ ಅದು ಲೆಕ್ಕಕ್ಕೆ ಬರುತ್ತದೆ. ಹೊಲದ ಮಾತನ್ನು ಹೊಲದವನೇ ಹೇಳಬೇಕು.

ಸರಕಾರಕ್ಕೂ ನಾವು ಎರಡು ಮಾತು ಹೇಳಬೇಕಾಗಿದೆ. 1961ರ ಕಾಯದೆಯ ಸ್ಥಾನದಲ್ಲಿ 2025ರ ಕಾಯದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಗೆ ತರುವಾಗ, ಜನರನ್ನು ಗೊಂದಲಕ್ಕೀಡು ಮಾಡುತ್ತಿದ್ದ ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ಗಳನ್ನು ಬಿಟ್ಟು ‘ತೆರಿಗೆ ವರ್ಷ’ವೆಂಬ ಒಂದೇ ಮಾತನ್ನು ಇಟ್ಟುದು ಒಳಿತಾಯಿತು. ಆ ಸರಳತೆಯು ಜನರ ನುಡಿಯಲ್ಲಿಯೂ ಬರಲಿ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಪ್ರಜೆಯು ಸತ್ಯಪ್ರತಿಜ್ಞೆ ಮಾಡಿ ಒಪ್ಪಿಸುವ ಪತ್ರದ ಒಂದೊಂದು ಅಂಕಣವೂ, ಒಂದೊಂದು ಎಚ್ಚರಿಕೆಯೂ ಅವನಿಗೆ ತಿಳಿಯುವ ಕನ್ನಡದಲ್ಲಿ ಇರತಕ್ಕದ್ದು. ತಿಳಿಯದ ಭಾಷೆಯಲ್ಲಿ ಮಾಡಿಸಿಕೊಂಡ ಪ್ರತಿಜ್ಞೆಗೆ ಬೆಲೆಯೇನು?

1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಾಹುಕಾರನ ವಹಿಯನ್ನು ಕಣ್ಣುಮುಚ್ಚಿ ನಂಬುತ್ತಿದ್ದ ಒಕ್ಕಲಿಗನು ತನ್ನ ಲೆಕ್ಕಕ್ಕೆ ತಾನೇ ಒಡೆಯನಾಗುವ ದಾರಿಯನ್ನು ಈ ಮಣ್ಣೇ ಅಂದು ತೋರಿಸಿತು. ಅದೇ ಮಣ್ಣಿನ ಮಕ್ಕಳು ಇಂದು ಬೀಗದ ಕೈಯನ್ನು ಕಂಡವರ ಕೈಗೆ ಕೊಡಬಹುದೆ? ಬಲ್ಲವರ ನೆರವನ್ನು ಅವಶ್ಯವಾಗಿ ಪಡೆಯಿರಿ. ಮನೆಯ ಓದುವ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಆದರೆ ಕೊನೆಯ ಗುಂಡಿಯನ್ನು ಒತ್ತುವ ಮೊದಲು ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ನೀವೇ ಒಮ್ಮೆ ಓದಿರಿ. ಕೊಡಬೇಕಾದುದನ್ನು ಕೊಟ್ಟು, ಬರಬೇಕಾದುದನ್ನು ಕೇಳಿ, ಸುಳ್ಳಿಗೆ ಸಹಿ ಹಾಕದವನು ಮಾತ್ರವೇ ಸರಕಾರದಿಂದ ಲೆಕ್ಕವನ್ನು ಕೇಳಲು ತಲೆಯೆತ್ತಿ ನಿಲ್ಲಬಲ್ಲನು.