ಸಕ್ಕರೆ ಕಾಯಿಲೆಯೂ ಆಸ್ಪತ್ರೆಯ ದಾದಿಯೂ

ಮನೆಯ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆಯೆಂದು ತಿಳಿದೊಡನೆ ಮನೆಮಂದಿಯೆಲ್ಲ ಕೇಳುವ ಮೊದಲನೆಯ ಪ್ರಶ್ನೆ, “ಒಳ್ಳೆಯ ಡಾಕ್ಟರು ಯಾರು?” ಎಂಬುದು. ಅದು ಕೇಳತಕ್ಕ ಪ್ರಶ್ನೆಯೇ ಹೌದು. ಆದರೆ ಈ ವ್ಯಾಧಿಯ ಸ್ವಭಾವವನ್ನು ಬಲ್ಲವರು ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳುವರು: “ಆ ಆಸ್ಪತ್ರೆಯಲ್ಲಿ ಈ ಕಾಯಿಲೆಯನ್ನು ಚೆನ್ನಾಗಿ ಅರಿತ ದಾದಿಯುಂಟೇ?” ಡಾಕ್ಟರು ರೋಗಿಯ ಬಳಿ ನಿಲ್ಲುವುದು ಕೆಲವು ನಿಮಿಷ ಮಾತ್ರ, ದಾದಿಯರಾದರೋ ಹಗಲಿರುಳು ಅವನ ಊಟವನ್ನೂ ನಿದ್ದೆಯನ್ನೂ ಸೂಜಿಮದ್ದನ್ನೂ ಕಣ್ಣಿಟ್ಟು ನೋಡತಕ್ಕವರು. ಸಕ್ಕರೆ ಕಾಯಿಲೆಯಲ್ಲಿ ಗೆಲುವು ಸೋಲುಗಳು ನಿಶ್ಚಯವಾಗುವುದು ಬಹುಮಟ್ಟಿಗೆ ಈ ಸಣ್ಣ ಸಂಗತಿಗಳಿಂದಲೇ.

ಮಧುಮೇಹವು ಹೊಸ ರೋಗವಲ್ಲ. ಚರಕ ಸುಶ್ರುತರು ಇದನ್ನು ಬಲ್ಲವರಾಗಿದ್ದರು. ಆದರೆ ತೀವ್ರ ಬಗೆಯ ಮಧುಮೇಹಕ್ಕೆ ತುತ್ತಾದ ಮಕ್ಕಳನ್ನು ಉಳಿಸುವ ಉಪಾಯ ಮಾತ್ರ ನೂರು ವರ್ಷಗಳ ಹಿಂದಿನವರೆಗೂ ಯಾರಿಗೂ ತಿಳಿದಿರಲಿಲ್ಲ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲು ಚುಚ್ಚಿದಾಗ, ಮರಣದ ಬಾಗಿಲಲ್ಲಿದ್ದ ಆ ಬಾಲಕನು ಚೇತರಿಸಿಕೊಂಡು ಮತ್ತೆ ಹದಿಮೂರು ವರ್ಷ ಬದುಕಿದನು.

ಔಷಧವೇನೋ ದೊರೆಯಿತು. ಆದರೆ ಅದನ್ನು ದಿನದಿನವೂ ಮನೆಯಲ್ಲಿಯೇ, ಊಟದ ಹೊತ್ತಿಗೆ ಹೊಂದಿಸಿ, ಅಳತೆ ತಪ್ಪದಂತೆ ಚುಚ್ಚಿಕೊಳ್ಳಬೇಕಷ್ಟೆ. ಕಲಿಸುವವರು ಯಾರು? ಬಾಸ್ಟನ್ ನಗರದ ವೈದ್ಯ ಎಲಿಯಟ್ ಜಾಸ್ಲಿನ್‌ರು ಈ ಕೊರತೆಯನ್ನು ಕಂಡು, ದಾದಿಯರಿಗೆ ಈ ಒಂದು ರೋಗದ ವಿಷಯದಲ್ಲಿ ವಿಶೇಷ ಶಿಕ್ಷಣವನ್ನು ಕೊಟ್ಟು ರೋಗಿಗಳ ಮನೆಗಳಿಗೇ ಕಳುಹಿಸಿದರು. ‘ಸಂಚಾರಿ ದಾದಿಯರು’ ಎಂದು ಅವರಿಗೆ ಹೆಸರಾಯಿತು. 1950ರ ಸುಮಾರಿನಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಡಾಕ್ಟರ್ ಜೋನ್ ವಾಕರ್‌ರವರು ಇಂತಹುದೇ ಏರ್ಪಾಡನ್ನು ಮಾಡಿದರು. ಈಗ ಆ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಮಧುಮೇಹಕ್ಕೆಂದೇ ಮೀಸಲಾದ ದಾದಿಯರು ವಾರ್ಡಿನಿಂದ ವಾರ್ಡಿಗೆ ಹೋಗಿ ರೋಗಿಗಳನ್ನು ವಿಚಾರಿಸುವುದುಂಟು. ಅಲ್ಲಿನ ಆಸ್ಪತ್ರೆಗಳಲ್ಲಿ ಸುಮಾರಾಗಿ ಆರು ಹಾಸಿಗೆಗಳಿಗೆ ಒಂದರಲ್ಲಿ ಮಧುಮೇಹಿಯೇ ಮಲಗಿರುವನೆಂಬುದು ಎಣಿಕೆಯಿಂದ ತಿಳಿದ ಸಂಗತಿ. ಅವರಲ್ಲಿ ಬಹುಮಂದಿ ಬಂದಿರುವುದು ಬೇರೆ ಕಾರಣಕ್ಕಾಗಿ: ಒಬ್ಬನಿಗೆ ಎಲುಬು ಮುರಿದಿದೆ, ಒಬ್ಬನಿಗೆ ಶ್ವಾಸಕೋಶದ ಜ್ವರ, ಮತ್ತೊಬ್ಬನಿಗೆ ಶಸ್ತ್ರಚಿಕಿತ್ಸೆ.

ಇದನ್ನು ನಮ್ಮ ಸೀಮೆಗೆ ತಂದು ನೋಡೋಣ. ಕೊಪ್ಪ ತಾಲೂಕಿನ ಭಂಡಿಗಡಿಯಂತಹ ಊರಿನ ಅಡಕೆ ತೋಟದ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು ಅರವತ್ತು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಆಷಾಢದ ಮಳೆ, ಸಂಜೆ ತೋಟದಿಂದ ಬಂದವರು ಬಚ್ಚಲೊಲೆಯ ಮುಂದೆ ಕುಳಿತು ಕಾಲು ಕಾಯಿಸಿಕೊಂಡರು. ಅಂಗಾಲಿನ ಚರ್ಮ ಬೆಂದಿತು. ಅವರಿಗೆ ತಿಳಿಯಲೇ ಇಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಜಡವಾಗಿ, ಬಿಸಿಯೂ ಮುಳ್ಳೂ ಉಂಬಳದ ಕಡಿತವೂ ಅರಿವಿಗೆ ಬಾರದಂತಾಗುವುದುಂಟು. ಹದಿನೈದು ದಿನ ಅರಿಶಿನ ಎಣ್ಣೆಗಳನ್ನು ಹಚ್ಚಿ, ಕಡೆಗೆ ಕೀವಾಗಿ ಜ್ವರ ಬಂದ ಮೇಲೆ ಕೊಪ್ಪಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೋ ಆಗುಂಬೆಯ ಘಾಟಿಯನ್ನಿಳಿದು ಮಣಿಪಾಲಕ್ಕೋ ಪ್ರಯಾಣ. ಕಾಲು ಉಳಿಯುವುದೋ ಇಲ್ಲವೋ ಎಂಬುದೇ ಆಗ ಮನೆಯವರ ಚಿಂತೆ.

ಇಂತಹವರ ವಿಷಯದಲ್ಲಿ ತಿಳಿದ ದಾದಿಯ ಕೆಲಸವೇನು? ಮೊದಲನೆಯದಾಗಿ, ಹುಣ್ಣಿರುವ ಕಾಲನ್ನು ಮಾತ್ರ ನೋಡಿ ಬಿಡದೆ ಎರಡು ಪಾದಗಳನ್ನೂ ಬೆರಳ ಸಂದಿಗಳ ಸಹಿತ ಪರೀಕ್ಷಿಸುವುದು. ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಸ್ಪರ್ಶ ಎಲ್ಲಿ ತಿಳಿಯುವುದು, ಎಲ್ಲಿ ಇಲ್ಲ ಎಂದು ಗುರುತಿಸುವುದು. ಎರಡನೆಯದಾಗಿ, ಶಸ್ತ್ರಚಿಕಿತ್ಸೆಗಾಗಿ ಉಪವಾಸವಿಟ್ಟ ದಿನ ಮಾತ್ರೆ ಇನ್ಸುಲಿನ್‌ಗಳ ವಿಷಯದಲ್ಲಿ ಡಾಕ್ಟರರಿಂದ ಸ್ಪಷ್ಟ ಅಪ್ಪಣೆಯನ್ನು ಪಡೆಯುವುದು. ಮೂರನೆಯದಾಗಿ, ಸೂಜಿಮದ್ದಿಗೂ ಊಟದ ತಟ್ಟೆಗೂ ಅಂತರ ಬೀಳದಂತೆ ಕಾಯುವುದು. ಇನ್ಸುಲಿನ್ ಕೊಟ್ಟಾಗಿದೆ, ಊಟ ಬರಲಿಲ್ಲ ಎಂದರೆ ರಕ್ತದ ಸಕ್ಕರೆ ಕುಸಿಯುವುದು. ಬೆವರು, ನಡುಕ, ಮಂಕು, ಕಡೆಗೆ ಪ್ರಜ್ಞೆ ತಪ್ಪುವುದು. ಅಳತೆಯಲ್ಲಿ 70ಕ್ಕಿಂತ ಕೆಳಗೆ ಬಂದು ರೋಗಿಗೆ ಎಚ್ಚರವಿದ್ದರೆ, ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಗಳ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕಲಾಗದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಗೆ ಕಳುಹಿಸುವಾಗಿನ ಪಾಠವೇ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು. ಪೆನ್ನಿನದು 100 ಯೂನಿಟ್ಟಿನದು. ಸೀಸೆಗೆ ತಕ್ಕ ಸಿರಿಂಜಿಗೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಪೆನ್ನಿನೊಳಗಣ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಿಂದ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಯೂನಿಟ್! ಎರಡೂವರೆ ಪಟ್ಟು ಮದ್ದು ಮನುಷ್ಯನನ್ನು ಕೊಲ್ಲಬಲ್ಲುದು. ಈ ಭೇದವನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಲದು. ಮನೆಯಲ್ಲಿ ಚುಚ್ಚುವವರು ಮಗನೋ ಸೊಸೆಯೋ, ಅವರ ಕೈಯಿಂದಲೇ ಮಾಡಿಸಿ ನೋಡುವವಳೇ ನಿಜವಾದ ಶಿಕ್ಷಕಿ. ಚುಚ್ಚುವ ಜಾಗವನ್ನು ದಿನವೂ ಬದಲಿಸಬೇಕೆಂದೂ, ಇಲ್ಲವಾದರೆ ಅಲ್ಲಿ ಗಂಟಾಗಿ ಮದ್ದು ಸರಿಯಾಗಿ ಹತ್ತದೆಂದೂ ಆಕೆಯೇ ತಿಳಿಸಬೇಕು.

ತಿಳಿದ ದಾದಿಯು ಊರಿನ ಬಾಳನ್ನೂ ಬಲ್ಲವಳಾಗಿರಬೇಕು. “ಅನ್ನ ಬಿಡಿ” ಎಂದು ಮಲೆನಾಡಿನವರಿಗೆ ಹೇಳುವುದು ಸುಲಭ; ನಡೆಸುವುದು ಕಷ್ಟ. ಕಡುಬು ನಾಲ್ಕರ ಬದಲು ಎರಡು, ಜೊತೆಗೆ ಸೊಪ್ಪು ಕಾಳುಗಳ ಪಲ್ಯ ಹೆಚ್ಚು, ಕಷಾಯಕ್ಕೆ ಬೆಲ್ಲವಿಲ್ಲ, ಹಲಸಿನ ತೊಳೆ ಎರಡಕ್ಕೆ ಮುಗಿಯಿತು ಎಂದರೆ ಮನೆಯಾಕೆಗೆ ದಾರಿ ಕಾಣುವುದು. ಮಳೆಯಲ್ಲಿ ದಿನಗಟ್ಟಲೆ ಕರೆಂಟಿಲ್ಲದಿದ್ದರೆ ಇನ್ಸುಲಿನ್ ಕೆಟ್ಟೀತೇ ಎಂಬುದು ಇನ್ನೊಂದು ಅಂಜಿಕೆ. ತೆರೆದ ಸೀಸೆಯನ್ನು ಒಲೆಯಿಂದಲೂ ಬಿಸಿಲಿನಿಂದಲೂ ದೂರವಾಗಿ ತಂಪಾದ ಜಾಗದಲ್ಲಿಟ್ಟರೆ ಸಾಮಾನ್ಯವಾಗಿ ನಾಲ್ಕು ವಾರ ಬಳಸಬಹುದು. ಹೆಪ್ಪುಗಟ್ಟಿದ ಮದ್ದನ್ನು ಮಾತ್ರ ಎಸೆಯಲೇಬೇಕು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು ನಮ್ಮ ದೇಶದಲ್ಲಿ ಹತ್ತು ಕೋಟಿಗೆ ಮೀರಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಫಲವಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕುಗಳು ತೆರೆದಿವೆ. ಬೆಂಗಳೂರಿನಲ್ಲಿ ಈ ರೋಗಕ್ಕೆಂದೇ ಸರ್ಕಾರದ ಸಂಸ್ಥೆಯೊಂದಿದೆ. ಹಳ್ಳಿಯ ಉಪಕೇಂದ್ರಗಳಿಗೂ ಸಮುದಾಯ ಆರೋಗ್ಯಾಧಿಕಾರಿಗಳು ಬಂದಿದ್ದಾರೆ. ಇವು ಸಂತೋಷದ ಸಂಗತಿಗಳು. ಆದರೆ ಮಧುಮೇಹವನ್ನೇ ವಿಶೇಷವಾಗಿ ಕಲಿತು, ವಾರ್ಡುಗಳಲ್ಲಿ ಅದೊಂದೇ ಕೆಲಸಕ್ಕೆ ನಿಂತ ದಾದಿ ನಮ್ಮಲ್ಲಿ ಇನ್ನೂ ವಿರಳ. ದೊಡ್ಡ ಆಸ್ಪತ್ರೆ ದೂರವಾಗಿರುವ ಮಲೆನಾಡಿನ ತಾಲೂಕುಗಳಿಗೆ ಅಂತಹವರು ಒಬ್ಬೊಬ್ಬರಾದರೂ ದೊರೆತರೆ ಎಷ್ಟೋ ಕಾಲುಗಳು ಉಳಿದಾವು. ಕಟ್ಟಡ ಯಂತ್ರಗಳಿಗೆ ತಗಲುವ ವೆಚ್ಚದ ಮುಂದೆ ಒಬ್ಬ ದಾದಿಯ ಶಿಕ್ಷಣದ ವೆಚ್ಚವು ಹೆಚ್ಚಿನದೇನಲ್ಲ.

ಅಲ್ಲಿಯವರೆಗೆ ಗೃಹಸ್ಥರು ಸುಮ್ಮನಿರಬೇಕಾಗಿಲ್ಲ. ಆಸ್ಪತ್ರೆಗೆ ಸೇರುವಾಗ ರೋಗಿಗೆ ಸಕ್ಕರೆ ಕಾಯಿಲೆಯಿದೆಯೆಂದು ಮೊದಲೇ ಹೇಳಿರಿ. ಮದ್ದುಗಳ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳಿರಿ. ಊಟ ತಡವಾದರೆ, ಬೆವರು ಕಂಡರೆ ಸಂಕೋಚಪಡದೆ ಸಿಸ್ಟರನ್ನು ಕರೆಯಿರಿ. ಮನೆಗೆ ಹೊರಡುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಪಡೆದೇ ಹೊರಡಿರಿ: ಎಷ್ಟು ಮದ್ದು, ಯಾವ ಹೊತ್ತಿಗೆ? ಸಕ್ಕರೆ ಇಳಿದರೆ ಏನು ಮಾಡಬೇಕು? ಮತ್ತೆ ಯಾವಾಗ ಬರಬೇಕು? ಮನೆಯಲ್ಲಾದರೋ ರಾತ್ರಿ ಮಲಗುವ ಮೊದಲು ಹಿರಿಯರ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡುವ ವಾಡಿಕೆಯನ್ನು ಮಾಡಿಕೊಳ್ಳಿರಿ. ಹಿರಿಯರ ಕಾಲಿಗೆ ನಮಸ್ಕರಿಸುವುದು ನಮ್ಮ ಸಂಪ್ರದಾಯ. ಆ ಕಾಲನ್ನು ಒಮ್ಮೆ ತಿರುಗಿಸಿ ಅಂಗಾಲನ್ನು ನೋಡುವುದೂ ನಮಸ್ಕಾರವೇ ಸರಿ.